ಏನೋ ಒಂದು ಮಿಸ್ಸಿಂಗು

ದಾವಣಗೆರೆಯಿರಲಿ, ತುಮಕೂರಿರಲಿ, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಗೆ ಹೊಕ್ಕರೆ ಇಂಥದೊಂದು ಅಂಗಡಿ ಸಿಕ್ಕೇ ಸಿಗುತ್ತದೆ. ಸಣ್ಣ ಮಳಿಗೆ, ಮೂರು ಕಂಪ್ಯೂಟರು, ಗಾಜಿನ ಬಾಗಿಲ ಮೇಲೆ ‘ನಾಮಕರಣ, ಮದುವೆ, ಗೃಹಪ್ರವೇಶ, ಚುನಾವಣೆ, ಶ್ರದ್ಧಾಂಜಲಿ’ ಎಂದು ಮನುಷ್ಯಜನ್ಮದ ಪೂರ್ತಿ ಪಟ್ಟಿ. ಒಳಗೆ ಮೂರು ಜನ ಕೂತಿರುತ್ತಾರೆ, ಒಬ್ಬರು ನಿಂತಿರುತ್ತಾರೆ. ನಿಂತವರೇ ಓನರ್.

ಅವರಿಗೂ ಕುರ್ಚಿ ಇದೆ, ಒಳ್ಳೇ ತಿರುಗುವ ಕುರ್ಚಿ. ಅದರಲ್ಲಿ ಸ್ಯಾಂಪಲ್ ಕಾರ್ಡುಗಳ ಆಲ್ಬಂ ಕೂತಿರುತ್ತದೆ. ಓನರ್ ಮಾತ್ರ ಡಿಸೈನ್ ಹುಡುಗನ ಬೆನ್ನ ಹಿಂದೆ ನಿಂತು ಸ್ಕ್ರೀನಿಗೆ ಬೆರಳು ಚುಚ್ಚುತ್ತಿರುತ್ತಾರೆ. “ಸ್ವಲ್ಪ ಮೇಲೆ. ಇನ್ನೂ ಸ್ವಲ್ಪ. ಅಯ್ಯೋ, ಜಾಸ್ತಿ ಆಯ್ತು. ಕೆಳಗೆ ಬಾ. ಥೋ, ಮೊದಲಿದ್ದದ್ದೇ ಚೆನ್ನಾಗಿತ್ತು ಕಣೋ.” ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ, ಒಂದು ಕಣ್ಣು ಮುಚ್ಚಿ ತೀರ್ಪು ಕೊಡುತ್ತಾರೆ: “ಎಲ್ಲಾ ಸರಿ ಇದೆ, ಏನೋ ಒಂದು ಮಿಸ್ಸಿಂಗು.” ಏನು ಸಾರ್ ಎಂದು ಕೇಳುವಂತಿಲ್ಲ. “ಅದನ್ನೂ ನಾನೇ ಹೇಳೋದಾದ್ರೆ ನೀನು ಯಾತಕ್ಕಪ್ಪ ಆರ್ಟಿಸ್ಟು?”

ಏನೂ ಗೊತ್ತಿಲ್ಲದೆ ಹಾರಾಡುವ ಮನುಷ್ಯ ಅಲ್ಲ ಇವರು. ತೊಂದರೆ ಶುರುವಾಗುವುದೇ ಅಲ್ಲಿಂದ. ಫ್ಲೆಕ್ಸು ಬರುವ ಮುಂಚೆ ಊರಿನ ಅರ್ಧ ಬೋರ್ಡುಗಳನ್ನು ಬರೆದವರು ಇವರೇ. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಹಿಡಿದು, ನಡುವೆ ಎಳೆದು ಪಟ್ಟನೆ ಬಿಟ್ಟರೆ ತಗಡಿನ ಮೇಲೆ ನೆಟ್ಟಗೆ ಗೆರೆ ಬೀಳುತ್ತಿತ್ತು. ಆ ಗೆರೆಗೆ ಒರಗಿಸಿ ಎನಾಮೆಲ್ ಪೇಂಟಿನಲ್ಲಿ ‘ಹೇರ್ ಕಟಿಂಗ್ ಸಲೂನ್’ ಬರೆದರೆ ಲೂಕಾರದ ಕೊಂಬು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ಮೂಲೆಯಲ್ಲಿ ಇಷ್ಟೇ ಇಷ್ಟು ಅಕ್ಷರದಲ್ಲಿ ತಮ್ಮ ಹೆಸರು, ಮುಂದೆ ‘ಆರ್ಟ್ಸ್’. ಕಾಲ ಬದಲಾದಾಗ ಸಾಲ ಮಾಡಿ ಕಂಪ್ಯೂಟರು ತಂದರು, ಕೈ ಮಾತ್ರ ಮೌಸಿಗೆ ಒಗ್ಗಲಿಲ್ಲ. ಈಗ ಹುಡುಗರನ್ನೇ ಕುಂಚ ಮಾಡಿಕೊಂಡಿದ್ದಾರೆ. ಕುಂಚಕ್ಕೂ ಸಂಬಳ ಕೊಡಬೇಕಲ್ಲ ಎನ್ನುವುದೊಂದೇ ಬೇಜಾರು.

ಇವರ ಆಡಳಿತ ನೋಡಬೇಕಾದರೆ ಯಾರಾದರೂ ಮರಿ ಮುಖಂಡನ ಹುಟ್ಟುಹಬ್ಬದ ಹಿಂದಿನ ದಿನ ಹೋಗಬೇಕು. ಅಣ್ಣನ ಫೋಟೋ ಆಳೆತ್ತರ, ಕೆಳಗೆ ‘ಶುಭ ಕೋರುವವರು’ ಎಂದು ಅಂಚೆಚೀಟಿ ಗಾತ್ರದ ನಲವತ್ತು ಮುಖಗಳು. ಒಂದು ಸೆಲ್ಫಿ, ಒಂದು ಆಧಾರ್ ಕಾರ್ಡಿನದು, ಇನ್ನೊಂದರಲ್ಲಿ ಪಕ್ಕದವನ ಕೈ ಹೆಗಲ ಮೇಲೇ ಉಳಿದಿದೆ. ಅಷ್ಟನ್ನೂ ಹುಡುಗ ಫೋಟೋಶಾಪಿನಲ್ಲಿ ಕತ್ತರಿಸಿ ಕೂರಿಸುವಷ್ಟರಲ್ಲಿ ರಾತ್ರಿ ಹತ್ತು. “ಅಣ್ಣನ ಮುಖದಲ್ಲಿ ಕಳೆ ಇಲ್ಲ, ಕಳೆ ತುಂಬು,” ಎನ್ನುತ್ತಾರೆ ಓನರ್. ತುಂಬುತ್ತಾನೆ. ಅಣ್ಣ ಗೋಧಿ ಬಣ್ಣದಿಂದ ಗುಲಾಬಿಗೆ ತಿರುಗುತ್ತಾನೆ. ಅಷ್ಟರಲ್ಲಿ ಮೂರನೇ ಸಾಲಿನವನ ಫೋನು: ಅವನನ್ನು ಎರಡನೇ ಸಾಲಿಗೆ ಹತ್ತಿಸದಿದ್ದರೆ ಬಿಲ್ಲಿನಲ್ಲಿ ಅವನ ಪಾಲು ಬರುವುದಿಲ್ಲ. ಇನ್ನು ಅಕ್ಷರ. ಎರಡನೇ ಕಂಪ್ಯೂಟರಿನ ಹುಡುಗಿ ‘ಶುಭಾಶಯ’ ಎಂದು ಸರಿಯಾಗಿಯೇ ಹಾಕಿರುತ್ತಾಳೆ. ಓನರ್ ಬಂದು, “ಹೊಟ್ಟೆ ಸೀಳಿದ ಷ ಹಾಕಮ್ಮ, ಒಂದು ತೂಕ ಬರುತ್ತೆ,” ಎನ್ನುತ್ತಾರೆ. ವ್ಯಾಕರಣ ಅವರ ಮಟ್ಟಿಗೆ ಡಿಸೈನಿನ ಒಂದು ವಿಭಾಗ. ಮರುದಿನ ಕನ್ನಡ ಮೇಷ್ಟ್ರು ಯಾರಾದರೂ ಸರ್ಕಲ್ಲಿನಲ್ಲಿ ನಿಂತು ಬೈದರೆ, “ಈಗಿನ ಮಕ್ಕಳಿಗೆ ಕನ್ನಡ ಎಲ್ಲಿ ಬರುತ್ತೆ ಸಾರ್,” ಎಂದು ಇವರೂ ದನಿಗೂಡಿಸುತ್ತಾರೆ.

ಗಿರಾಕಿ ಮದುವೆ ಕಾರ್ಡಿನ ಮ್ಯಾಟರನ್ನು ವಾಟ್ಸ್ಯಾಪಿನಲ್ಲಿ ಕಳಿಸಿರುತ್ತಾನೆ. ಅದು ಯೂನಿಕೋಡ್. ಅಂಗಡಿಯ ಹಳೇ ಕೋರೆಲ್ ಡ್ರಾಗೆ ಒಗ್ಗುವುದು ಹಳೇ ನುಡಿ ಫಾಂಟು. ನೇರ ಅಂಟಿಸಿದರೆ ಬರೀ ಚೌಕ, ಕನ್ವರ್ಟ್ ಮಾಡಿದರೆ ಅರ್ಕಾವೊತ್ತು ಪಕ್ಕದ ಮನೆಗೆ ಹೋಗಿರುತ್ತದೆ. ಒಂದೊಂದೇ ಹುಡುಕಿ ತಿದ್ದಬೇಕು. ಓನರ್ ಲೆಕ್ಕದಲ್ಲಿ ಇದು “ಕಾಪಿ ಪೇಸ್ಟ್ ತಾನೇ, ಎರಡು ನಿಮಿಷ.”

ಇತ್ತೀಚೆಗೆ ರೀಲ್ಸ್ ನೋಡಿ ಲೀಡರ್‌ಶಿಪ್ ಕಲಿತಿದ್ದಾರೆ. ಸೋಮವಾರ ಬೆಳಿಗ್ಗೆ ಊದುಬತ್ತಿ ಹಚ್ಚಿ ಮೀಟಿಂಗು. “ನನ್ನನ್ನ ಬಾಸ್ ಅನ್ನಬೇಡಿ. ನಾವೆಲ್ಲ ಒಂದು ಟೀಮು, ಒಂದೇ ಫ್ಯಾಮಿಲಿ. ಧೈರ್ಯವಾಗಿ ನಿಮ್ಮ ಐಡಿಯಾ ಹೇಳಿ.” ಹುಡುಗಿ ಧೈರ್ಯ ಮಾಡಿ, ಹಳದಿ ಮೇಲೆ ಬಿಳಿ ಅಕ್ಷರ ದೂರಕ್ಕೆ ಕಾಣಲ್ಲ ಸಾರ್ ಎನ್ನುತ್ತಾಳೆ. “ಮೂವತ್ತು ವರ್ಷದ ಸರ್ವೀಸು ನಂದು,” ಎಂಬಲ್ಲಿಗೆ ಮೀಟಿಂಗು ಮುಕ್ತಾಯ. ಒಂದನೇ ತಾರೀಖು ದಾಟಿದ ಮೇಲೆ ಫ್ಯಾಮಿಲಿಯ ಮಾತು ಇನ್ನೂ ಹೆಚ್ಚುತ್ತದೆ. ಫ್ಯಾಮಿಲಿಯಲ್ಲಿ ಯಾರಾದರೂ ಸಂಬಳ ಕೇಳುತ್ತಾರೆಯೇ?

2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರು ನಿಷೇಧಿಸಿತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳು ರಾಶಿ ರಾಶಿ ಇಳಿದವು. ಎರಡು ಸಲವೂ ಇವರು ಹುಡುಗರನ್ನು ಕೂರಿಸಿ, “ಹೋಗ್ಲಿ ಬಿಡ್ರೋ, ಮತ್ತೆ ಬ್ರಶ್ ಹಿಡಿಯೋಣ, ನಾನು ಕಲಿಸ್ತೀನಿ,” ಎಂದರು. ದನಿಯಲ್ಲಿ ದುಃಖಕ್ಕಿಂತ ಆಸೆಯೇ ಜಾಸ್ತಿ ಇತ್ತು ಎಂದು ನನ್ನ ಗುಮಾನಿ. ಫ್ಲೆಕ್ಸು ಊರು ಬಿಟ್ಟು ಹೋಗಲಿಲ್ಲ, ಬ್ರಶ್ಶಿಗೆ ಕಾಲ ಬರಲಿಲ್ಲ.

ಇಷ್ಟಾದರೂ ಹುಡುಗರು ಯಾಕೆ ಅಲ್ಲೇ ಇದ್ದಾರೆ? ಒಂದು ಕಾರಣ ನಾನೇ ಕಂಡಿದ್ದೇನೆ. ಗಿರಾಕಿಯೊಬ್ಬ ಹುಡುಗನ ಮೇಲೆ ರೇಗಿದಾಗ ಓನರ್ ನಡುವೆ ಬಂದು ನಿಂತರು: “ನನ್ನ ಹುಡುಗನ ಮೇಲೆ ಕೂಗಬೇಡಿ ಸ್ವಾಮಿ, ಅದಕ್ಕೆ ನಾನಿದ್ದೀನಿ.” ಇನ್ನೊಂದು ಅವರು ಬಾಯಿ ಬಿಡದ ಸಂಗತಿ. ಕಳೆದ ಚುನಾವಣೆಯ ಬಿಲ್ಲು ಇನ್ನೂ ಬಂದಿಲ್ಲ. ಗೆದ್ದವರು ಬೆಂಗಳೂರಲ್ಲಿದ್ದಾರೆ, ಸೋತವರು ಫೋನೆತ್ತುವುದಿಲ್ಲ. ಸಂಬಳ ತಡವಾದರೂ ಬರುವುದು ಕೈಗಡದಿಂದ. ಅಡಿ ಲೆಕ್ಕದಲ್ಲಿ ರೇಟು ಕಟ್ಟುವ ಈ ಧಂದೆಯಲ್ಲಿ ಚೌಕಾಸಿಗೆ ಮಾತ್ರ ಅಳತೆಯಿಲ್ಲ.

ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ ಒಂದು ಮಾತು. ಕಾರ್ಡು ಮಾಡಿಸಲು ಸಂಜೆ ನಾಲ್ಕೂವರೆಗೆ ಹೋಗಿ. ಆಗ ಓನರ್ ಎದುರಿನ ಹೋಟೆಲಿನಲ್ಲಿ ಬೈಟೂ ಕಾಫಿ ಹಿಡಿದು, ತಮ್ಮ ಹುಡುಗರಿಗೆ ಸ್ವಂತ ಬುದ್ಧಿಯೇ ಇಲ್ಲವೆಂದು ಯಾರ ಹತ್ತಿರವೋ ಕೊರಗುತ್ತಿರುತ್ತಾರೆ. ಅವರು ಬರುವಷ್ಟರಲ್ಲಿ ನಿಮ್ಮ ಕಾರ್ಡು ಮುಗಿದಿರುತ್ತದೆ. ಅಡ್ವಾನ್ಸು ಮಾತ್ರ ಕಾದಿದ್ದು ಅವರ ಕೈಗೇ ಕೊಡಿ, ಚೌಕಾಸಿ ಮಾಡಬೇಡಿ. ಹುಡುಗರ ಹೋದ ತಿಂಗಳ ಸಂಬಳ ಬಾಕಿ ಇದೆ.