ಲೆಫ್ಟ್ ರೈಟ್, ಲಾಭ ನಷ್ಟ

ನಮ್ಮ ಕುಡಚಿಯಲ್ಲಿ ಹುಡುಗನೊಬ್ಬ ಪಿಯುಸಿ ಪಾಸಾದನೆಂದರೆ ಅವನ ಮುಂದಿನ ಬದುಕಿನ ಬಗ್ಗೆ ಅವನೊಬ್ಬನನ್ನು ಬಿಟ್ಟು ಊರೆಲ್ಲ ಮಾತಾಡುತ್ತದೆ. ಅಪ್ಪನಿಗೆ ಕೃಷ್ಣಾ ದಂಡೆಯ ಕಬ್ಬು ಕಾಣುತ್ತದೆ. ಅವ್ವನಿಗೆ ಬೆಳಗಾವಿಯ ಕಾಲೇಜು ಕಾಣುತ್ತದೆ. ಪುಣೆಯಲ್ಲಿರುವ ಸೋದರಮಾವನಿಗೆ ಯಾವುದೋ ಕಂಪನಿಯ ಕೊರಳಪಟ್ಟಿ ಕಾಣುತ್ತದೆ. ಸ್ಟೇಶನ್ ರೋಡಿನ ಚಹಾದಂಗಡಿಯಲ್ಲಿ ಕೂಡುವ ರಿಟೈರ್ಡ್ ಸುಬೇದಾರ ಕಾಕಾಗೆ ಮಾತ್ರ ಯಾವ ಹುಡುಗನನ್ನು ನೋಡಿದರೂ ಒಂದೇ ಕಾಣುತ್ತದೆ: ಎದೆಯ ಸುತ್ತಳತೆ.

ಈ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಧೈರ್ಯ ಮಾಡಿ, “ಕಾಕಾ, ನಾ ಮಿಲ್ಟ್ರಿಗೆ ಹೋಗಂಗಿಲ್ರೀ. ಬಿಬಿಎ ಮಾಡಿ ಆಮ್ಯಾಲೆ ಎಂಬಿಎ ಮಾಡ್ತೇನಿ,” ಅಂದ. ಕಾಕಾ ಬಸಿಯಲ್ಲಿದ್ದ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು, “ಮಾಡಪಾ, ಬ್ಯಾಡ ಅಂದಾವ್ರು ಯಾರು? ಮಿಲ್ಟ್ರಿಯೊಳಗ ಮಾಡು. ಕಲಸ್ತಾರ, ಉಣ್ಣಾಕ ಹಾಕ್ತಾರ, ಮ್ಯಾಲೆ ಪಗಾರಾನೂ ಕೊಡ್ತಾರ. ನಿನ್ನ ಕಾಲೇಜಿನ್ಯಾಗ ಈ ಮೂರರೊಳಗ ಎಷ್ಟು ಸಿಗತಾವ ಹೇಳು,” ಅಂದರು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಾಕಾನ ಮಾತು ಮಾತ್ರ ಸುಳ್ಳಾಗಿರಲಿಲ್ಲ. ಸಿಕಂದರಾಬಾದಿನಲ್ಲಿ ಕಾಲೇಜ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್ ಎಂಬುದೊಂದಿದೆ. 1970ರ ಡಿಸೆಂಬರಿನಲ್ಲಿ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಶುರುವಾಗಿ 1980ರಲ್ಲಿ ಕಾಲೇಜು ಅನಿಸಿಕೊಂಡಿತು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಅಧಿಕಾರಿಗಳೂ ಅಲ್ಲಿ ಸುಮಾರು 44 ವಾರ ಕೂತು ಹಣಕಾಸು, ಸಾಮಗ್ರಿ ನಿರ್ವಹಣೆ, ತೀರ್ಮಾನ ಮಾಡುವ ವಿಧಾನ ಎಲ್ಲ ಓದುತ್ತಾರೆ. ಉಸ್ಮಾನಿಯಾ ವಿಶ್ವವಿದ್ಯಾಲಯ ಅವರಿಗೆ ಮ್ಯಾನೇಜ್‌ಮೆಂಟಿನ ಸ್ನಾತಕೋತ್ತರ ಪದವಿ ಕೊಡುತ್ತದೆ. ಒಂದೇ ಒಂದು ತೊಡಕು. ಅಲ್ಲಿಗೆ ಹೋಗುವವರು ಕರ್ನಲ್ ದರ್ಜೆಯವರು. ಅಂದರೆ ಪ್ರವೇಶಕ್ಕೆ ಮೊದಲು ಕಾಡು, ಮರಳು, ಹಿಮ ಎಲ್ಲ ಸುತ್ತಿ ಕೂದಲು ನೆರೆಸಿಕೊಳ್ಳಬೇಕು. ನಮ್ಮ ಕಡೆ ಎಂಬಿಎ ಮುಗಿಸಿದ ಮೇಲೆ ಅನುಭವ ಎಲ್ಲಿಂದ ತರೋಣ ಎಂದು ಹುಡುಗರು ಅಳುತ್ತಾರೆ. ಅಲ್ಲಿ ಅನುಭವ ತಂದವರಿಗಷ್ಟೇ ಎಂಬಿಎಯಂಥದ್ದು ಸಿಗುತ್ತದೆ.

ಅಮೆರಿಕದವರು ಇಷ್ಟು ಕಾಯಿಸುವುದಿಲ್ಲ. ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್ ಊರಲ್ಲಿ ಸಿಟಡೆಲ್ ಎಂಬ ಮಿಲಿಟರಿ ಕಾಲೇಜು 1842ರಿಂದ ಇದೆ. ಹುಡುಗರು ನಸುಕಿನಲ್ಲೆದ್ದು ಸಮವಸ್ತ್ರ ತೊಟ್ಟು, ಪರೇಡ್ ಮಾಡಿ, ಆಮೇಲೆ ಕ್ಲಾಸಿಗೆ ಹೋಗಿ ಬಿಸಿನೆಸ್ ಅಡ್ಮಿನಿಸ್ಟ್ರೇಶನ್ ಓದುತ್ತಾರೆ. ಪದವಿ ಮುಗಿದ ಮೇಲೆ ಸೈನ್ಯಕ್ಕೆ ಸೇರಲೇಬೇಕೆಂಬ ಕಟ್ಟುಪಾಡೂ ಎಲ್ಲರಿಗಿಲ್ಲ. ಇದನ್ನು ಕೇಳಿದ ನಮ್ಮ ಹುಡುಗನ ಅಪ್ಪ, “ನಸುಕಿನ್ಯಾಗ ಏಳಸ್ತಾರ? ಹಂಗಾರ ಫೀ ಎಷ್ಟಾದ್ರೂ ಆಗಲಿ,” ಅಂದರು.

ನಮಗೆ ಹತ್ತಿರದ್ದು ಬೆಳಗಾವಿ. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಅಲ್ಲೇ ಇದೆ. ಮಿಲಿಟರಿ ಸ್ಕೂಲು 1945ರದು. ಅದು ಶಾಲೆ, ಹನ್ನೆರಡನೆಯ ತರಗತಿಯ ತನಕ. ವ್ಯಾಪಾರದ ಪಾಠ ಅಲ್ಲಿಲ್ಲ. ಆದರೆ ಹತ್ತು ಹನ್ನೊಂದರ ವಯಸ್ಸಿನ ಪೋರ ತನ್ನ ಹಾಸಿಗೆ ತಾನೇ ಸುತ್ತಿ, ತನ್ನ ಬೂಟು ತಾನೇ ಪಾಲಿಶ್ ಮಾಡುವುದು ಕಲಿತರೆ ಅರ್ಧ ಅಡ್ಮಿನಿಸ್ಟ್ರೇಶನ್ ಮುಗಿಯಿತು ಎಂದು ಕಾಕಾನ ವಾದ.

ಕಾಕಾ ಬಂದೂಕಿಗಿಂತ ಹೆಚ್ಚು ಹಿಡಿದದ್ದು ತಕ್ಕಡಿ. ಅವರು ಇದ್ದದ್ದು ಆರ್ಮಿ ಸರ್ವಿಸ್ ಕೋರ್‌ನಲ್ಲಿ. ತನ್ನ ಹುಟ್ಟನ್ನು 1760ಕ್ಕೆ ಎಣಿಸುವ ಆ ದಳದ ಕೇಂದ್ರವೂ ಕಾಲೇಜೂ ಬೆಂಗಳೂರಿನಲ್ಲಿವೆ. ಒಬ್ಬ ಜವಾನನಿಗೆ ದಿನಕ್ಕೆ ಅಕ್ಕಿ ಎಷ್ಟು, ಬೇಳೆ ಎಷ್ಟು, ಉಪ್ಪು ಎಷ್ಟು ಎಂದು ಗ್ರಾಮಿನ ಲೆಕ್ಕದಲ್ಲಿ ಬರೆದಿಟ್ಟಿರುತ್ತದಂತೆ. ಎತ್ತರದ ಹಿಮದಲ್ಲಿರುವವರಿಗೆ ಬೇರೆ ಲೆಕ್ಕ, ಬಯಲಿನವರಿಗೆ ಬೇರೆ. “ಸಾವಿರ ಮಂದಿ ಉಣ್ಣಾವ್ರು. ಬ್ಯಾಳಿ ಕಮ್ಮಿ ಬಿದ್ರ ಗಿರಾಕಿ ಬ್ಯಾರೆ ಅಂಗಡಿಗೆ ಹೋಗಂಗಿಲ್ಲೋ ತಮ್ಮಾ. ಅಲ್ಲೇ ನಿಂತಿರ್ತಾನ. ಅವನ ಕೈಯಾಗ ಬಂದೂಕೂ ಇರತದ,” ಎಂದು ಕಾಕಾ ಹೇಳಿದಾಗ ಗ್ರಾಹಕ ಸಂತೃಪ್ತಿ ಎಂಬುದರ ಗಾಂಭೀರ್ಯ ನನಗೆ ಮೊದಲ ಸಲ ತಿಳಿಯಿತು.

ಈ ತಕ್ಕಡಿ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. 1803ರಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಎನಿಸಿಕೊಂಡು ವಾಟರ್ಲೂ ಗೆದ್ದವನು, ಹರಿಹರದಿಂದ ದಂಡು ಕಟ್ಟಿಕೊಂಡು ನಮ್ಮ ಈ ಸೀಮೆಯಲ್ಲೇ ಕೃಷ್ಣಾ ದಾಟಿ, ಮಿರಜದ ಮೇಲೆ ಪುಣೆಗೆ ಹೋದ. ಅದಕ್ಕೆ ಮೂರು ವರ್ಷ ಮೊದಲು ದಂಗೆಕೋರ ಧೋಂಡಿಯಾ ವಾಘನ ಬೆನ್ನು ಹತ್ತಿ ಮಲಪ್ರಭಾ ಸುತ್ತಮುತ್ತ ಮಳೆಗಾಲವಿಡೀ ಅಲೆದವನೂ ಅವನೇ. ಅವನ ಕಾಗದಪತ್ರಗಳಲ್ಲಿ ತೋಪು, ಮದ್ದಿನ ಮಾತಿಗಿಂತ ಅಕ್ಕಿ, ಎತ್ತು, ಹರಿಗೋಲುಗಳ ಮಾತೇ ಹೆಚ್ಚು. ಯಾವ ಹೊಳೆಗೆ ಎಷ್ಟು ಹರಿಗೋಲು ಬೇಕು, ಅದಕ್ಕೆ ತೊಗಲು ಎಲ್ಲಿಂದ ಬರಬೇಕು ಎಂದು ಕೂತು ಬರೆಯುತ್ತಿದ್ದ. ಕೃಷ್ಣಾ ತುಂಬಿ ಬಂದರೆ ಸೇನಾಪತಿಯ ಶೌರ್ಯ ಈಚೆ ದಂಡೆಯಲ್ಲೇ ಕೂಡಬೇಕಾಗುತ್ತದೆ ಎಂಬುದು ಕುಡಚಿಯವರಿಗೆ ಯಾರೂ ಹೇಳಬೇಕಾಗಿಲ್ಲ.

ಆ ದಂಡಿನ ಎತ್ತುಗಳೂ ನಮ್ಮವೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ದನದ ತಳಿ, ಹುಲ್ಲುಗಾವಲು, ಲೆಕ್ಕಪತ್ರ, ಉಸ್ತುವಾರಿ ಎಲ್ಲಕ್ಕೂ ಒಂದು ಇಲಾಖೆ. ಈ ಎತ್ತುಗಳ ಬಲದಿಂದಲೇ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರಕ್ಕೆ ಮುಟ್ಟಿದನೆಂದು ಹಳೆಯ ಗೆಜೆಟಿಯರುಗಳು ಬರೆದಿವೆ. ದವಸ ತಂದು ಹಾಕುತ್ತಿದ್ದವರು ಲಂಬಾಣಿಗರು. ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಯಾವ ಪಾಳೆಯದಲ್ಲಿ ಹಣವುಂಟೋ ಅಲ್ಲಿಗೆ ಹೋಗುತ್ತಿದ್ದರು. ಹೊಡೆದಾಡುವವರಿಬ್ಬರೂ ಉಣ್ಣಲೇಬೇಕಲ್ಲ! ಆ ಕಾಲದಲ್ಲಿ ಯುದ್ಧ ಯಾರೇ ಗೆಲ್ಲಲಿ, ಸರಿಯಾಗಿ ವ್ಯವಹಾರ ತಿಳಿದವರು ಲಂಬಾಣಿ ನಾಯಕರೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಎತ್ತಿನ ಮಾತು ಬಂದರೆ ಕಬ್ಬಿಗೆ ಬರದೆ ಇರಲಾಗದು. ಹಂಗಾಮು ಶುರುವಾದರೆ ಉಗಾರ, ರಾಯಬಾಗ, ಅಥಣಿ ದಾರಿಗಳಲ್ಲಿ ನಡೆಯುವುದೂ ಒಂದು ದಂಡಯಾತ್ರೆಯೇ. ಕಡಿಯುವ ಗ್ಯಾಂಗು, ಜೋಡಿ ಟ್ರೇಲರಿನ ಟ್ರ್ಯಾಕ್ಟರು, ಕಾರ್ಖಾನೆಯ ಪಾಳಿ, ಕಾಟಾ, ಎಲ್ಲ ಒಂದಕ್ಕೊಂದು ಕೂಡಿ ಬರಬೇಕು. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ, ರೈತನ ಬಿ.ಪಿ. ಮಾತ್ರ ಏರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಕಾಕಾಗೂ ಎರಡು ಎಕರೆ ಕಬ್ಬುಂಟು. “ಮಿಲ್ಟ್ರಿಯೊಳಗ ಹದಿನಾಲ್ಕು ದಿನ ಅಂದ್ರ ಹದಿನಾಲ್ಕ. ಹೊರಗ ಬಂದ ಮ್ಯಾಲೆ ಗೊತ್ತಾತು, ದಿನದೊಳಗೂ ತರಾತರದ್ದು ಅದಾವಂತ,” ಎನ್ನುತ್ತಾರೆ. ಬಾಗಲಕೋಟೆ–ಕುಡಚಿ ರೈಲುಮಾರ್ಗದ ಬಗ್ಗೆಯೂ ಅವರಿಗೆ ಇದೇ ಅಭಿಪ್ರಾಯ. 142 ಕಿಲೋಮೀಟರಿನ ಆ ಮಾರ್ಗ 2010-11ರಲ್ಲಿ ಮಂಜೂರಾಯಿತು. ಇದನ್ನು ಬರೆಯುವ ಹೊತ್ತಿಗೂ ಬಾಗಲಕೋಟೆ ಕಡೆಯ ಗಾಡಿ ಕುಡಚಿಗೆ ಬಂದಿಲ್ಲ.

ಹಾಗೆಂದು ಮಿಲಿಟರಿಗೂ ಮ್ಯಾನೇಜ್‌ಮೆಂಟಿಗೂ ಗಂಟು ಹಾಕಿದ ಕೂಡಲೇ ಎಲ್ಲ ನೆಟ್ಟಗಾಗುತ್ತದೆ ಅನ್ನುವಂತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಅಮೆರಿಕದ ವಾಯುದಳದ ಅಧಿಕಾರಿಗಳಿಗೆ ಅಂಕಿಅಂಶದ ಪಾಠ ನಡೆಯಿತು. ಪಾಠ ಹೇಳಿದವರಲ್ಲಿ ರಾಬರ್ಟ್ ಮೆಕ್‌ನಮಾರಾ ಒಬ್ಬ. 1946ರಲ್ಲಿ ಗೆಳೆಯರೊಂದಿಗೆ ಫೋರ್ಡ್ ಕಾರು ಕಂಪನಿ ಸೇರಿ, 1960ರಲ್ಲಿ ಅದರ ಅಧ್ಯಕ್ಷನಾದ. ಮರುವರ್ಷವೇ ದೇಶದ ರಕ್ಷಣಾ ಮಂತ್ರಿ. ವಿಯೆಟ್ನಾಂ ಯುದ್ಧ ಬಂದಾಗ ಎಲ್ಲವನ್ನೂ ಎಣಿಸಿದರು. ಬಾಂಬು ಎಷ್ಟು, ಹಾರಾಟ ಎಷ್ಟು, ಸತ್ತ ಶತ್ರುಗಳೆಷ್ಟು. ಕಾಗದದ ಮೇಲೆ ಗೆಲುವು ಏರುತ್ತಲೇ ಇತ್ತು. 1968ರಲ್ಲಿ ಮೆಕ್‌ನಮಾರಾ ಹುದ್ದೆ ಬಿಟ್ಟ, ಯುದ್ಧ ಅವನನ್ನು ಬಿಡಲಿಲ್ಲ. ಈ ಕಥೆ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಣಿಸಾಂವ ಕುರ್ಚಿ ಮ್ಯಾಲಿದ್ದ. ಎಣಿಸಿಕೊಳ್ಳಾವ್ರು ಕೆಸರಾಗಿದ್ರು,” ಅಂದರು.

ಇತ್ತ ನಮ್ಮೂರಲ್ಲೂ ಲೆಕ್ಕಕ್ಕೇನೂ ಕಡಿಮೆಯಿಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷ ಸೇವೆ, ಆಮೇಲೆ ನಾಲ್ವರಲ್ಲಿ ಒಬ್ಬರಿಗಷ್ಟೇ ಮುಂದುವರಿಕೆ, ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಪಡೆಯುವ ದಾರಿಯೂ ಉಂಟು. ಅದರ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಬರುತ್ತದೆ. ನಮ್ಮ ಓಣಿಯಲ್ಲಿ ಹುಡುಗ ಇನ್ನೂ ಓಟದ ಪರೀಕ್ಷೆಗೆ ಶೂ ಕೊಳ್ಳುವ ಮೊದಲೇ ಮನೆಯವರು ಆ ಹನ್ನೊಂದು ಲಕ್ಷ ಖರ್ಚು ಮಾಡಿ ಮುಗಿಸಿರುತ್ತಾರೆ. ಹೊಳೆಯಿಂದ ಹೊಲಕ್ಕೆ ಪೈಪ್‌ಲೈನಿಗೆ ಇಷ್ಟು, ತಂಗಿಯ ಮದುವೆಗೆ ಇಷ್ಟು, ಟ್ರ್ಯಾಕ್ಟರಿನ ಮೊದಲ ಕಂತಿಗೆ ಇಷ್ಟು. ಉಳಿದ 71 ಸಾವಿರದ ಬಗ್ಗೆ ಅಣ್ಣತಮ್ಮಂದಿರಲ್ಲಿ ಜಗಳ ನಡೆದಿರುತ್ತದೆ. ಮಂಡನೆ ಮೊದಲು, ಆದಾಯ ಆಮೇಲೆ ಎಂಬ ಈ ಪದ್ಧತಿಯನ್ನು ಯಾವ ಕಾಲೇಜೂ ಕಲಿಸಬೇಕಿಲ್ಲ.

ಸೈನ್ಯದಿಂದ ವ್ಯಾಪಾರಕ್ಕೆ ನೇರ ಜಿಗಿದವರೂ ನಮ್ಮಲ್ಲಿದ್ದಾರೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಓದಿದ್ದು ವಿಜಯಪುರದ ಸೈನಿಕ ಶಾಲೆಯಲ್ಲಿ. ಎನ್‌ಡಿಎ ಮುಗಿಸಿ, 1971ರ ಯುದ್ಧ ಕಂಡು, ಇನ್ನೂ ಮೂವತ್ತು ತುಂಬುವ ಮೊದಲೇ ಸೈನ್ಯ ಬಿಟ್ಟು ಹಾಸನದ ಕಡೆ ರೇಷ್ಮೆ ಬೇಸಾಯಕ್ಕಿಳಿದರು. ಆಮೇಲೆ ಹೆಲಿಕಾಪ್ಟರು. 2003ರಲ್ಲಿ ಏರ್ ಡೆಕ್ಕನ್. ಸಾಮಾನ್ಯರಿಗೂ ವಿಮಾನದ ಮೆಟ್ಟಿಲು ಹತ್ತಿಸಿದ ಆ ಕಂಪನಿ ಕೆಲವೇ ವರ್ಷಗಳಲ್ಲಿ ಕೈ ಬದಲಾಯಿಸಿತು. ಲಾಭನಷ್ಟದ ಪಟ್ಟಿ ನೋಡುವವರು ಒಂದು ಮಾತು ಹೇಳಿಯಾರು. ಮೊದಲ ಸಲ ಮೋಡ ಕಂಡ ಅಜ್ಜಿಯರು ಬೇರೆಯೇ ಮಾತು ಹೇಳುತ್ತಾರೆ.

ಈ ಎಲ್ಲ ಹರಟೆಯಲ್ಲಿ ನನಗೆ ಹತ್ತಿದ ಸಂಗತಿ ಒಂದೇ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ 1932ರಲ್ಲಿ ಫಿಲಿಪ್ ಚೆಟ್‌ವುಡ್ ಎಂಬ ಸೇನಾಪತಿ ಕೊಟ್ಟ ಬುದ್ಧಿಮಾತಿನ ಸಾರ ಇಂದಿಗೂ ಅಲ್ಲಿನ ಹುಡುಗರಿಗೆ ಬಾಯಿಪಾಠ. ದೇಶ ಮೊದಲು, ನಿನ್ನ ಕೈಕೆಳಗಿನವರು ಆಮೇಲೆ, ನಿನ್ನ ಸುಖ ಎಲ್ಲಕ್ಕೂ ಕಡೆಗೆ. 2019ರ ಆಗಸ್ಟಿನಲ್ಲಿ ಕೃಷ್ಣಾ ಉಕ್ಕಿದಾಗ ನಮ್ಮ ಜಿಲ್ಲೆಗೆ ಸೇನೆಯ ಬೋಟುಗಳು ಬಂದವು. ಮುದುಕರು ಮೊದಲು, ಬಸುರಿಯರು ಮೊದಲು, ಎಮ್ಮೆ ಬಿಟ್ಟು ಬರಲೊಲ್ಲದ ಯಜಮಾನರನ್ನು ಒಲಿಸುವ ಕೆಲಸ ಆಮೇಲೆ. ಬೋಟು ತಂದವರು ಕಡೆಗೆ ಉಂಡರು. ಇದೇ ಸರದಿಯನ್ನು ಕಂಪನಿಗಳ ಮಾತಿನಲ್ಲಿ ಓದಿ ನೋಡಿ. ವ್ಯಾಪಾರ ಕುಸಿದರೆ ಮೊದಲು ಕೆಳಗಿನವನ ನೌಕರಿ ಹೋಗುತ್ತದೆ, ಆಮೇಲೆ ನಡುವಿನವನದು. ಮೇಲಿನವನ ಬೋನಸ್ಸಿಗೆ ಕುತ್ತು ಬರುವುದು ಕಡೆಗೆ. ಪಟ್ಟಿ ಅದೇ, ಹಿಡಿದದ್ದು ತಲೆಕೆಳಗು.

ಲೆಕ್ಕ, ಕಾಲಪಾಲನೆ, ಸರಬರಾಜು ಇವನ್ನೆಲ್ಲ ಯಾವ ಕಾಲೇಜಾದರೂ ಕಲಿಸೀತು. ಈ ಸರದಿಯನ್ನು ಮಾತ್ರ ಪುಸ್ತಕದಿಂದ ಕಲಿಸಲಾಗದು. ಆದ್ದರಿಂದ ಎಂಬಿಎ ನಡೆಸುವ ಎಲ್ಲ ಕಾಲೇಜುಗಳಿಗೂ ನನ್ನದೊಂದು ವಿನಂತಿ. ಮೊದಲ ಸೆಮಿಸ್ಟರಿನಲ್ಲಿ ಎರಡು ವಾರ ಹುಡುಗಹುಡುಗಿಯರನ್ನು ನಿಮ್ಮದೇ ಮೆಸ್ಸಿನಲ್ಲಿ ಬಡಿಸಲು ನಿಲ್ಲಿಸಿರಿ. ಅಡಿಗೆಯವರು, ಕಸ ಗುಡಿಸುವವರು, ವಾಚ್‌ಮನ್ ಎಲ್ಲ ಉಂಡ ಮೇಲೆ ಅವರು ಉಣ್ಣಲಿ. ಇದಕ್ಕೆ ಬೇರೆ ಫೀ ತೆಗೆದುಕೊಳ್ಳಬೇಡಿರಿ.