ಬೇಡ ಅಂದ್ರೆ ಬೇಡ ಅನ್ನೋ ಡಾಕ್ಟ್ರು

ನಮ್ಮ ಚನ್ನಗಿರಿಯಲ್ಲಿ ಡಾಕ್ಟರಿಗೆ ಎದುರು ಮಾತಾಡುವ ಪದ್ಧತಿ ಇಲ್ಲ. ಅಡಿಕೆ ರೇಟಿಗಾಗಿ ಮಂಡಿ ಸಾಹುಕಾರರ ಜೊತೆ ಅರ್ಧ ದಿನ ಜಗ್ಗಾಡುವ ಮನುಷ್ಯ, ಭದ್ರಾ ನಾಲೆಯ ನೀರು ಕೊನೆಗದ್ದೆಗೆ ಬರಲಿಲ್ಲ ಅಂತ ಇಂಜಿನಿಯರ ಜೀಪನ್ನೇ ಅಡ್ಡ ಹಾಕುವ ಮನುಷ್ಯ, ಡಾಕ್ಟರ ಮುಂದಿನ ಸ್ಟೂಲಿನ ಮೇಲೆ ಕೂತ ಕೂಡಲೇ ಹೋಂವರ್ಕ್ ಮಾಡದೆ ಬಂದ ಹುಡುಗನಾಗಿಬಿಡುತ್ತಾನೆ. ಅವರು ಹ್ಞೂಂ ಅಂದರೆ ಹ್ಞೂಂ, ಬೇಡ ಅಂದರೆ ಬೇಡ. ಯಾಕೆ ಬೇಡ ಅಂತ ಕೇಳಿದರೆ ಎಲ್ಲಿ ಸಿಟ್ಟಾಗಿ ನಾಳೆ ಜ್ವರಕ್ಕೂ ಮುಟ್ಟದೆ ಕಳಿಸುತ್ತಾರೋ ಅನ್ನುವ ಅಂಜಿಕೆ.

ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಮೇಲೆ ಹಪ್ಪಳದ ಮೊರ ಇಟ್ಟು, ಬಿಸಿಲು ಸರಿದಂತೆ ಅದನ್ನೂ ಸರಿಸುತ್ತಾ ಕೇಳಿದ್ದು ಇದನ್ನೇ. "ಮೇಷ್ಟ್ರೇ, ನೀವು ಪೇಪರ್ ಓದೋರು. ಹೊಟ್ಟೆ ಸಣ್ಣ ಮಾಡಿಸೋ ಆಪರೇಷನ್ ಅಂತ ಇದೆಯಂತಲ್ಲ, ನಮ್ ತಮ್ಮ ಮಾಡಿಸ್ಕೊಳ್ತೀನಿ ಅಂತಾನೆ. ಡಾಕ್ಟ್ರು ನೋಡಿದ್ರೆ ಬೈದು ಕಳಿಸಿದಾರೆ."

ತಮ್ಮ ಅಂದರೆ ನ್ಯಾಮತಿಯ ಮೆಕ್ಕೆಜೋಳದ ವ್ಯಾಪಾರಿ. ವಯಸ್ಸು ನಲವತ್ತಾರು. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಮೂರೂ ಇವೆ. ಗೊರಕೆ ಎಂಥದ್ದು ಅಂದರೆ ಮದುವೆ ಮನೆಯಲ್ಲಿ ಅವರಿಗೆ ಪ್ರತ್ಯೇಕ ರೂಮು ಕೊಡುವುದು ಮರ್ಯಾದೆಗಲ್ಲ, ಬೀಗರ ನಿದ್ದೆಗೆ. ನಡುರಾತ್ರಿ ಆ ಗೊರಕೆ ಗಕ್ಕನೆ ನಿಂತು, ಉಸಿರೇ ಇಲ್ಲದಂತಾಗಿ, ಆಮೇಲೆ ಒಮ್ಮೆಲೇ ಕೊಸರಿಕೊಂಡು ಏಳುತ್ತಾರಂತೆ. ಅವರ ಹೆಂಡತಿ ಇದನ್ನು ಡಾಕ್ಟರಿಗೆ ಹೇಳಿದ್ದಾರೋ ಅಂದರೆ, ಇಲ್ಲ. "ಗೊರಕೆ ವಿಷ್ಯ ಡಾಕ್ಟ್ರ ಹತ್ರ ಯಾರಾದ್ರೂ ಹೇಳ್ತಾರಾ?" ಅಂತ ಅಕ್ಕ ನನ್ನನ್ನೇ ಕೇಳಿದರು.

ಡಾಕ್ಟರು ಹೇಳಿದ್ದು ಇಷ್ಟು: "ದುಡ್ಡು ಹೆಚ್ಚಾಗಿದೆಯೇನಪ್ಪ? ಬೆಳಿಗ್ಗೆ ಎದ್ದು ಓಡಾಡು, ರಾತ್ರಿ ಊಟ ಬಿಡು." ಇದೇ ಮಾತನ್ನು ವರ್ಷಾನುಗಟ್ಟಲೆ ಹೇಳುತ್ತಾ ಬಂದಿದ್ದಾರೆ. ಇವರೂ ಅಷ್ಟೇ ಕಾಲದಿಂದ ತಲೆ ಆಡಿಸುತ್ತಾ ಬಂದಿದ್ದಾರೆ. ಹಾಗಂತ ಸುಮ್ಮನೆ ಕೂತವರಲ್ಲ. ಅನ್ನ ಬಿಟ್ಟು ಗೋಧಿಗೆ ಹೋದರು, ಗೋಧಿ ಬಿಟ್ಟು ನವಣೆಗೆ ಹೋದರು, ಸುರಹೊನ್ನೆಯ ತನಕ ನಡೆದು ವಾಪಸ್ ಬರುವುದನ್ನೂ ರೂಢಿ ಮಾಡಿದರು. ಒಂದಿಷ್ಟು ಕೆಜಿ ಇಳಿಯಿತು, ನಾಲ್ಕು ಮದುವೆ ಬಂದವು, ಬಡ್ಡಿ ಸಮೇತ ವಾಪಸ್ ಹತ್ತಿತು.

ಆ ದಿನ ಕ್ಲಿನಿಕ್ಕಿನಲ್ಲಿ ಇನ್ನೊಂದು ನಡೆಯಿತಂತೆ. ಬಿಪಿ ನೋಡುವ ಪಟ್ಟಿ ತೋಳಿಗೆ ಸುತ್ತಿದರೆ ಅಂಟು ಸೇರಲಿಲ್ಲ. ಕಾಂಪೌಂಡರ್ ಎಳೆದು ಎಳೆದು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಗಾಳಿ ಹಾಕಿದ. ಹಾಗೆ ನೋಡಿದ ಬಿಪಿ ಸುಳ್ಳು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಅದಕ್ಕೆಂದೇ ಅಗಲದ ಪಟ್ಟಿ ಬೇರೆ ಸಿಗುತ್ತದೆ. ತೂಕದ ಯಂತ್ರದ್ದೂ ಅದೇ ಕಥೆ, ಮುಳ್ಳು ಕೊನೆಗೆ ಹೋಗಿ ನಡುಗುತ್ತಾ ನಿಂತಿತು. ಡಾಕ್ಟರು ಅಂದಾಜಿಗೆ ನೂರು ದಾಟಿದೆ ಅಂತ ಬರೆದರು. ಇವರು ಸೀದಾ ತಮ್ಮ ಅಂಗಡಿಗೆ ಬಂದು ಚೀಲ ತೂಗುವ ಕಾಟದ ಮೇಲೆ ನಿಂತರು. 118. "ಎರಡು ಚೀಲ ಆದ್ರಿ ಅಣ್ಣ" ಅಂದನಂತೆ ಹಮಾಲಿ.

ನಾನು ಲಗ್ನಪತ್ರಿಕೆಯೊಂದರ ಬೆನ್ನಿಗೆ ಲೆಕ್ಕ ಹಾಕಿದೆ. ಎತ್ತರ 168 ಸೆಂಟಿಮೀಟರ್. ತೂಕವನ್ನು ಮೀಟರಿನ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. ಹತ್ತಿರ ಹತ್ತಿರ 42 ಬಂತು. ನಮ್ಮ ದೇಶದವರಿಗೆ 25 ದಾಟಿದರೆ ಬೊಜ್ಜು ಅನ್ನುತ್ತಾರೆ, ಯಾಕಂದರೆ ನಮಗೆ ಕೊಬ್ಬು ಸೇರುವುದೇ ಹೊಟ್ಟೆಯ ಸುತ್ತ, ಸಕ್ಕರೆ ಕಾಯಿಲೆಯೂ ಬೇಗ ಹತ್ತುತ್ತದೆ. ಆಪರೇಷನ್ನಿಗೆ 1991ರಲ್ಲಿ ಅಮೆರಿಕದವರು ಹಾಕಿದ ಗೆರೆ 40, ಜೊತೆಗೆ ಕಾಯಿಲೆ ಇದ್ದರೆ 35. 2022ರಲ್ಲಿ ಜಗತ್ತಿನ ಸರ್ಜನ್ನರ ಸಂಘಗಳು ಅದನ್ನು ಇನ್ನೂ ಕೆಳಗಿಳಿಸಿದವು. ಹಳೇ ಗೆರೆ ಹಿಡಿದರೂ ಹೊಸ ಗೆರೆ ಹಿಡಿದರೂ ನಮ್ಮ ವ್ಯಾಪಾರಿ ಗೆರೆ ದಾಟಿಯೇ ಇದ್ದಾರೆ. ಅಂದರೆ ಅವರು ಕೇಳಿದ್ದು ದುಡ್ಡಿನ ಕೊಬ್ಬಲ್ಲ, ನ್ಯಾಯವಾದ ಪ್ರಶ್ನೆ.

"ಹಂಗಾದ್ರೆ ಡಾಕ್ಟ್ರು ಯಾಕೆ ಬೈದ್ರು?"

ಅದಕ್ಕೆ ನನ್ನ ಹತ್ತಿರ ಎರಡು ಉತ್ತರ ಇವೆ. ಮೊದಲನೆಯದು ಹೆದರಿಕೆ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡರು. ಇಪ್ಪತ್ತೊಂದು ವರ್ಷದ ಹುಡುಗಿ. ಟೀವಿಯವರು ವಾರಗಟ್ಟಲೆ ಅದನ್ನೇ ತೋರಿಸಿದರು. ಅವತ್ತಿನಿಂದ ನಮ್ಮ ಕಡೆ ದಪ್ಪ ಇಳಿಸುವ ಆಪರೇಷನ್ ಅಂದರೆ ಸಾವು ಅಂತಲೇ ಆಗಿದೆ. ಆದರೆ ಚರ್ಮದ ಕೆಳಗಿನ ಕೊಬ್ಬು ತೆಗೆಸುವುದು ಅಂದಕ್ಕೆ, ಅದರಿಂದ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ. ಈ ಆಪರೇಷನ್ ಜಠರದ್ದು. ಸ್ಲೀವ್ ಅನ್ನುವುದರಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಕೊಳವೆಯಷ್ಟು ಉಳಿಸುತ್ತಾರೆ, ಬೈಪಾಸಿನಲ್ಲಿ ಕರುಳಿನ ದಾರಿಯನ್ನೇ ಬದಲಿಸಿ ಹೊಲಿಯುತ್ತಾರೆ. ಹಸಿವು ಹುಟ್ಟಿಸುವ ಹಾರ್ಮೋನು ಕೂಡ ತಗ್ಗುತ್ತದೆ. ನಿತಿನ್ ಗಡ್ಕರಿಯವರು 2011ರಲ್ಲಿ ಇಂಥದ್ದೊಂದು ಮಾಡಿಸಿಕೊಂಡು ಇವತ್ತಿಗೂ ರಸ್ತೆ ಉದ್ಘಾಟನೆ ಮಾಡುತ್ತಾ ಓಡಾಡುತ್ತಿದ್ದಾರೆ. ಸ್ವೀಡನ್ನಿನವರು 1987ರಿಂದ ನಾಲ್ಕು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಇತ್ತು, ಹೆಚ್ಚಲ್ಲ.

ಎರಡನೇ ಉತ್ತರ ಹೇಳಿದಾಗ ಅಕ್ಕ ಹಪ್ಪಳ ಮರೆತು ಕೂತರು. ಬೈದ ಡಾಕ್ಟರ ಒಳಗೂ ಒಂದು ಖರೇ ಮಾತಿದೆ, ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಆಪರೇಷನ್ ಮಾಡುವವರು ಬೆಂಗಳೂರಿನವರು. ಮೂರ್ನಾಲ್ಕು ದಿನಕ್ಕೆ ಮನೆಗೆ ಕಳಿಸುತ್ತಾರೆ. ರಾತ್ರಿ ಬಸ್ಸಿನಲ್ಲೋ ಕಾರಿನಲ್ಲೋ ನ್ಯಾಮತಿಗೆ ಬಂದಮೇಲೆ ಹೊಲಿಗೆ ಸೋರಿತು ಅಂತಿಟ್ಟುಕೊಳ್ಳಿ. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಆಗುತ್ತದೆ. ಜ್ವರ, ಎದೆ ಡವಡವ, ಹೊಟ್ಟೆನೋವು. ನಡುರಾತ್ರಿ ಬಾಗಿಲು ಬಡಿಯುವುದು ಬೆಂಗಳೂರಿನ ಸರ್ಜನ್ನರದ್ದಲ್ಲ, ಇದೇ ಡಾಕ್ಟರದ್ದು. ಆಮೇಲೆ ಬದುಕಿರುವಷ್ಟು ದಿನ ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆ, ಆಗಾಗ ರಕ್ತಪರೀಕ್ಷೆ. ಮಾತ್ರೆ ಬಿಟ್ಟು ಕೈಕಾಲು ಜೋಮು ಹಿಡಿದಾಗಲೂ ಅವರ ಹತ್ತಿರವೇ ಬರುವುದು. ಬಿಪಿ ಮಾತ್ರೆ ಮುಗಿದು ತಿಂಗಳಾದರೂ ತರಿಸಿಕೊಳ್ಳದ ರೋಗಿಯನ್ನು ನೋಡಿ ನೋಡಿ ಸಾಕಾದ ಡಾಕ್ಟರಿಗೆ ಈ ಮನುಷ್ಯ ಜೀವಮಾನ ಮಾತ್ರೆ ನುಂಗುತ್ತಾನೆ ಅಂತ ನಂಬಿಕೆ ಹೇಗೆ ಬರಬೇಕು?

ಇನ್ನು ನಮ್ಮ ಊಟದ ಮರ್ಯಾದೆ ಬೇರೆ. ಆಪರೇಷನ್ ಆದ ಮೊದಲ ವಾರಗಳು ಬರೀ ನೀರು, ತಿಳಿ, ಮಜ್ಜಿಗೆ. ಆಮೇಲೂ ಒಂದು ಹಿಡಿ ಅನ್ನವನ್ನು ಅರ್ಧ ಗಂಟೆ ಅಗಿಯಬೇಕು. ಹೊನ್ನಾಳಿ ಕಡೆ ಬೀಗರ ಮನೆಯಲ್ಲಿ ಎಲೆ ಮುಂದೆ ಹಾಗೆ ಕೂತು ನೋಡಿ. "ಯಾಕ್ರೀ, ನಮ್ಮನೆ ಹೋಳಿಗೆ ಸೇರ್ಲಿಲ್ಲೇನ್ರಿ?" ಅಂತ ಬಡಿಸುವ ಅತ್ತೆ ಕಣ್ಣಲ್ಲಿ ನೀರು ತರುತ್ತಾರೆ. ಆ ಹೋಳಿಗೆ ತಿಂದರೆ, ಬೈಪಾಸ್ ಆದವರಿಗೆ ಕೈಕಾಲು ನಡುಗಿ ಬೆವರು ಬಿಡುತ್ತದೆ. ಸಾಲದ್ದಕ್ಕೆ ನಮ್ಮ ವ್ಯಾಪಾರಿಗೆ ಗುಟ್ಕಾ ಇದೆ, ವಾರಕ್ಕೊಮ್ಮೆ ಗುಂಡೂ ಇದೆ. ತಂಬಾಕು ಮೊದಲೇ ಬಿಡಬೇಕು. ಬೈಪಾಸ್ ಆದಮೇಲೆ ಕುಡಿತ ಬೇಗ ತಲೆಗೇರುತ್ತದೆ, ಬೇಗ ಚಟವೂ ಆಗಬಹುದು.

ಡಾಕ್ಟರು ಬೇಡ ಅಂದದ್ದೇ ಸರಿಯಾದ ಇನ್ನೊಂದು ಪ್ರಸಂಗ ಅಕ್ಕನ ಬಳಗದಲ್ಲೇ ಇದೆ. ಜಗಳೂರಿನಲ್ಲಿ ಅವರ ನಾದಿನಿಯ ಮಗಳು. ಗಂಡು ನೋಡುತ್ತಿದ್ದಾರೆ. ತೂಕ 64, ಎತ್ತರ 157. ಬಿಎಂಐ 26. ಯಾವ ಕಾಯಿಲೆಯೂ ಇಲ್ಲ. "ಮದುವೆಗೆ ಮುಂಚೆ ಆಪರೇಷನ್ ಮಾಡಿಸಿಬಿಡಿ" ಅಂತ ಅಪ್ಪ ಅಮ್ಮ ಹೋಗಿದ್ದರು. ಅಲ್ಲಿಯ ಡಾಕ್ಟರಮ್ಮ, ಕಾಯಿಲೆ ಇರೋದು ನೋಡೋಕೆ ಬಂದೋರಿಗೆ, ನಿಮ್ಮ ಮಗಳಿಗಲ್ಲ ಅಂದರಂತೆ. ಆಪರೇಷನ್ ಆದಮೇಲೆ ವರ್ಷ, ಒಂದೂವರೆ ವರ್ಷ ಬಸಿರಾಗುವ ಹಾಗಿಲ್ಲ ಅಂತಲೂ ಸೇರಿಸಿದರು. ಆ ಮಾತಿಗೆ ಅಪ್ಪ ಎದ್ದು ಬಂದರು. ಆ ಡಾಕ್ಟರಮ್ಮನಿಗೆ ನನ್ನದೊಂದು ನಮಸ್ಕಾರ. ಅವರು ಬೇಡ ಅಂದಿದ್ದಲ್ಲದೆ ಯಾಕೆ ಬೇಡ ಅಂತಲೂ ಹೇಳಿದರು. ನ್ಯಾಮತಿಯವರಿಗೆ ಸಿಗದೇ ಹೋದದ್ದು ಅದೊಂದೇ.

"ಡಾಕ್ಟ್ರನ್ನೇ ಬದಲಾಯಿಸಿಬಿಡ್ಲಾ ಮೇಷ್ಟ್ರೇ? ಬೆಂಗಳೂರಿಗೆ ಸೀದಾ ಹೋದ್ರೆ ಅಲ್ಲೇನ್ ಬೇಡ ಅಂತಾರಾ?"

ಅನ್ನುವುದಿಲ್ಲ, ಅದೇ ತೊಂದರೆ. ದುಡ್ಡು ಬರುವ ಕಡೆ ಬೇಡ ಅನ್ನುವ ಅಭ್ಯಾಸ ಕಡಿಮೆ. ಏಳೆಂಟು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು ಒಂದೇ ಆಪರೇಷನ್ನಿಗೆ ಹೋಗುತ್ತದೆ. ವಿಮೆ ಇದೆ ಅಂದರು. ಸರಿ, ವಿಮೆಯ ಕಾಗದ ತರಿಸಿ ಓದಿ ಅಂದೆ. 2019ರಲ್ಲಿ ವಿಮಾ ಪ್ರಾಧಿಕಾರ ಎಲ್ಲ ಕಂಪನಿಗೂ ಒಂದೇ ಮಾತು ಬರೆದುಕೊಟ್ಟಿದೆ: ಹದಿನೆಂಟು ತುಂಬಿರಬೇಕು, ಬಿಎಂಐ 40 ಇರಬೇಕು, ಇಲ್ಲ 35 ಇದ್ದು, ಬೇರೆ ದಾರಿ ನೋಡಿ ಸೋತು, ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಕಾಯಿಲೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇಂಥವುಗಳಲ್ಲಿ ಒಂದಾದರೂ ಇರಬೇಕು. ಎಲ್ಲದಕ್ಕೂ ಮೊದಲು, ಡಾಕ್ಟರ ಸಲಹೆ ಮೇಲೆ ಆಗಿರಬೇಕು. ನಮ್ಮ ವ್ಯಾಪಾರಿಯದ್ದು 40 ದಾಟಿದ್ದರೂ ಆ ಸಲಹೆಗೆ ಆಧಾರ ಬೇಕಲ್ಲ; ಅನ್ನ ಬಿಟ್ಟದ್ದು, ನವಣೆ ತಿಂದದ್ದು, ಸುರಹೊನ್ನೆಗೆ ನಡೆದದ್ದು ಯಾವುದೂ ಯಾವ ಚೀಟಿಯಲ್ಲೂ ಇಲ್ಲದಿದ್ದರೆ ಅದು ನಡೆದೇ ಇಲ್ಲ. ಅದನ್ನೆಲ್ಲ ಬರೆದುಕೊಡಬಲ್ಲವರು ವರ್ಷಗಟ್ಟಲೆ ನೋಡಿದ ಹಳೇ ಡಾಕ್ಟರೇ. ಜಗಳ ಆಡಿ ಹೊರಬಂದರೆ ಸೋತ ಕಥೆಗೆ ಸಾಕ್ಷಿಯೂ ಹೋಯಿತು.

ಅದಕ್ಕೇ ಅವರನ್ನು ಮತ್ತೆ ಅದೇ ಕ್ಲಿನಿಕ್ಕಿಗೆ ಕಳಿಸಿದೆವು. ಸಂಜೆ ರಶ್ಶಿನ ಹೊತ್ತಲ್ಲಿ ಬೇಡ, ಮಧ್ಯಾಹ್ನ ಖಾಲಿ ಇರುವಾಗ. ಹೆಂಡತಿಯನ್ನು ಕರಕೊಂಡು, ಗೊರಕೆಯ ವಿಷಯ ಆಕೆಯ ಬಾಯಲ್ಲೇ ಹೇಳಿಸಲು. ಆಪರೇಷನ್ ಬರೆದುಕೊಡಿ ಅಂತ ಕೇಳಬೇಡಿ, "ನನಗೆ ಯಾಕೆ ಬೇಡ ಅಂತೀರಿ ಸಾರ್, ಅದನ್ನ ಚೀಟಿಲಿ ಬರೆದುಕೊಡಿ" ಅಂತ ಕೇಳಿ ಅಂದೆ. ಬರೆಯಲು ಪೆನ್ನು ಎತ್ತಿದ ಕೂಡಲೇ ಯಾರೇ ಆಗಲಿ ಸ್ವಲ್ಪ ಯೋಚಿಸುತ್ತಾರೆ. ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು ಅಂತ ಮಾನವ ಹಕ್ಕುಗಳ ಆಯೋಗ 2018ರಲ್ಲೇ ಸಿದ್ಧಪಡಿಸಿದ ಸನ್ನದಿನಲ್ಲಿದೆ. ಅದನ್ನು ಕ್ಲಿನಿಕ್ಕಿನಲ್ಲಿ ಓದಿ ಹೇಳುವುದು ಬೇಡ, ದಾವಣಗೆರೆಗೋ ಶಿವಮೊಗ್ಗಕ್ಕೋ ಒಬ್ಬ ಶುಗರ್ ತಜ್ಞರಿಗೆ ನೀವೇ ಬರೆದುಕೊಡಿ ಅಂದರೆ ಡಾಕ್ಟರ ಮರ್ಯಾದೆಯೂ ಉಳಿಯುತ್ತದೆ.

ಡಾಕ್ಟರು ಮೊದಲು ಗೊಣಗಿದರಂತೆ. ಗೊರಕೆ ನಿಂತು ಉಸಿರು ಕಟ್ಟುತ್ತದೆ ಅಂತ ಆಕೆ ಹೇಳಿದಾಗ ತಲೆ ಎತ್ತಿ, "ಇಷ್ಟು ವರ್ಷ ಇದನ್ನ ಯಾಕಮ್ಮ ಹೇಳ್ಲಿಲ್ಲ?" ಅಂತ ಈ ಸಲ ಆಕೆಗೆ ಬೈಸಿಕೊಳ್ಳುವ ಸರದಿ ತಂದರು. ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟರು. ಥೈರಾಯ್ಡ್ ಪರೀಕ್ಷೆ ಆಗಿಯೇ ಇಲ್ಲ ಅನ್ನುವುದೂ ಆಗಲೇ ಗೊತ್ತಾದದ್ದು. 2025ರಲ್ಲಿ ನಮ್ಮ ದೇಶಕ್ಕೆ ಬಂದ, ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ನಿನ ಮಾತೂ ಬಂತು, ಅದನ್ನು ಮೊದಲು ನೋಡೋಣ, ಆಗದಿದ್ದರೆ ಸರ್ಜನ್ನರಿಗೆ ನಾನೇ ಪತ್ರ ಕೊಡ್ತೀನಿ ಅಂದರು. ಗುಟ್ಕಾ ಬಿಟ್ಟರೆ ಮಾತ್ರ ಅಂತ ಕೊನೆಗೆ ಸೇರಿಸಿದರು. ಇಂಜೆಕ್ಷನ್ನಿನಿಂದಲೇ ಇಳಿದರೆ ಸಂತೋಷ, ಆದರೆ ನಿಲ್ಲಿಸಿದರೆ ತೂಕ ಮತ್ತೆ ಹತ್ತುತ್ತದೆ ಅನ್ನುವುದನ್ನೂ ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಡಾಕ್ಟರುಗಳಿಗೆ ನನ್ನದೊಂದು ಬಿನ್ನಹ. ಆಪರೇಷನ್ ಬೇಕೋ ಬೇಡವೋ ನೀವು ಓದಿದವರು, ನೀವೇ ತೀರ್ಮಾನಿಸಿ. ಆದರೆ ಒಂದು ಅಗಲದ ಬಿಪಿ ಪಟ್ಟಿ, ಇನ್ನೂರು ಕೆಜಿ ತನಕ ತೂಗುವ ಒಂದು ಯಂತ್ರ, ಕೈ ಇಲ್ಲದ ಒಂದು ಅಗಲ ಕುರ್ಚಿ, ಇಷ್ಟನ್ನು ದಯವಿಟ್ಟು ತರಿಸಿಡಿ. ದಪ್ಪ ಇರುವವರು ಕೂಡ ನಿಮ್ಮ ಫೀಸನ್ನು ಪೂರ್ತಿಯೇ ಕೊಡುತ್ತಾರೆ.