ಎರಡು ಜೀವದತ್ತೆ

ಮೈಸೂರಿನಲ್ಲಿ ಚೆಲುವಾಂಬ ಅಂದರೆ ಎರಡು ವಿಳಾಸ. ಒಂದು ಚೆಲುವಾಂಬ ಅರಮನೆ. ಅಲ್ಲಿ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1950ರಿಂದ ನಾವು ತಿನ್ನುವುದನ್ನೆಲ್ಲ ಅಳೆದು, ಸುಟ್ಟು, ಅರೆದು ನೋಡುತ್ತಿದ್ದಾರೆ. ಇನ್ನೊಂದು ಕೆ.ಆರ್. ಆಸ್ಪತ್ರೆಗೆ ಅಂಟಿಕೊಂಡ ಚೆಲುವಾಂಬ ಹೆರಿಗೆ ಆಸ್ಪತ್ರೆ. ಊಟದ ಶಾಸ್ತ್ರ ಅಲ್ಲಿ, ಹೆರಿಗೆಯ ಶಾಸ್ತ್ರ ಇಲ್ಲಿ. ಈ ಎರಡೂ ತನ್ನ ಸೆರಗಿನ ಗಂಟಿನಲ್ಲೇ ಇವೆ ಎಂದು ನಂಬಿದ ಒಬ್ಬರು ಅತ್ತೆ ಒಂಟಿಕೊಪ್ಪಲಿನಲ್ಲೋ ಸರಸ್ವತೀಪುರದಲ್ಲೋ ಅಗ್ರಹಾರದಲ್ಲೋ ಇದ್ದೇ ಇರುತ್ತಾರೆ. ಯಾರಿಗೆ ಅತ್ತೆ ಅಂತ ಕೇಳಬೇಡಿ, ಬೀದಿಗೇ ಅತ್ತೆ. ಬಸುರಿ ಕಣ್ಣಿಗೆ ಬಿದ್ದರೆ ಸಾಕು, "ಎರಡು ಜೀವಕ್ಕೆ ತಿನ್ನಬೇಕಮ್ಮಾ" ಅನ್ನುತ್ತಾರೆ. ಹಾಗಾಗಿ ಬೆನ್ನ ಹಿಂದೆ ಅವರು ಎರಡು ಜೀವದತ್ತೆ.

ಮೂರು ತಿಂಗಳು ತುಂಬುವ ತನಕ ಸುದ್ದಿ ಹೊರಗೆ ಬಿಡಬಾರದು ಅಂತ ಮನೆಯವರು ಬಾಯಿಗೆ ಬೀಗ ಹಾಕಿಕೊಂಡಿರುತ್ತಾರೆ. ಅತ್ತೆಗೆ ಆ ಬೀಗ ಯಾವ ಲೆಕ್ಕ? ಸೊಸೆಯ ಬದಲು ಮನೆಯ ಯಜಮಾನಿಯೇ ಬಗ್ಗಿ ರಂಗೋಲಿ ಬಿಡುತ್ತಿದ್ದರೆ ಅದೊಂದು ಸುಳಿವು. ಸಾಸಿವೆ ಸಿಡಿದ ಕೂಡಲೇ ಹುಡುಗಿ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದರೆ ಇನ್ನೊಂದು. ದೇವರಾಜ ಮಾರ್ಕೆಟ್ಟಿಗೆ ಹೂವು ತರಲು ಹೋದವಳು ಮಾವಿನಕಾಯಿ ಗುಡ್ಡೆಯ ಮುಂದೆ ನಿಂತುಬಿಟ್ಟರಂತೂ ಮುಗಿದೇಹೋಯಿತು. ಪ್ರೆಗ್ನೆನ್ಸಿ ಕಿಟ್ಟಿನ ಎರಡು ಗೆರೆ ಆಮೇಲೆ ಮೂಡುತ್ತವೆ. ಅತ್ತೆಯ ಟಿಫನ್ ಕ್ಯಾರಿಯರ್ ಮೊದಲೇ ಬಂದಿರುತ್ತದೆ.

ಆ ಕ್ಯಾರಿಯರ್ ಮೂರು ಅಂತಸ್ತಿನದು. ಕೆಳಗೆ ಹುಣಸೆರಸ, ಬೆಲ್ಲ, ಸಾರಿನಪುಡಿಯಲ್ಲಿ ನೆನೆದ ಗೊಜ್ಜವಲಕ್ಕಿ. ನಡುವೆ ನುಗ್ಗೆಸೊಪ್ಪಿನ ಪಲ್ಯ. ಮೇಲೆ ತುಪ್ಪ ಒಸರುವ ಮೈಸೂರ್ ಪಾಕು, ಎರಡು ಜೀವಕ್ಕೆ ನಾಲ್ಕು ತುಂಡು. ಎರಡನೆಯ ಜೀವದ ಪಾಲೆಷ್ಟು ಅಂತ ಡಾಕ್ಟರನ್ನು ಕೇಳಿದರೆ, ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಹೆಚ್ಚುವರಿ 350 ಕ್ಯಾಲೊರಿ ಅನ್ನುತ್ತಾರೆ. ಅಂದರೆ ಎರಡು ಇಡ್ಲಿ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಇದನ್ನು ಅತ್ತೆಗೆ ಹೇಳಿ ನೋಡಿ. "ಅಷ್ಟೇನಾ? ನಮ್ಮನೆ ಬೆಕ್ಕಿಗೆ ಅದಕ್ಕಿಂತ ಜಾಸ್ತಿ ಬೇಕು" ಅಂತ ಉತ್ತರ ಬರುತ್ತದೆ.

ತಿನ್ನಿಸುವುದರಲ್ಲಿ ಎಷ್ಟು ಧಾರಾಳವೋ ಬೇಡ ಅನ್ನುವುದರಲ್ಲೂ ಅಷ್ಟೇ. ಪರಂಗಿಹಣ್ಣು ಬೇಡ, ಅನಾನಸು ಬೇಡ, ಎಳ್ಳು ಉಷ್ಣ, ನೇರಳೆಹಣ್ಣು ತಿಂದರೆ ಮಗು ನೇರಳೆಯ ಬಣ್ಣ. ಪರಂಗಿಯಲ್ಲಿ ದೂರವಿಡಬೇಕಾದದ್ದು ಹಾಲು ಸುರಿಯುವ ಕಾಯಿಯನ್ನು, ಚೆನ್ನಾಗಿ ಮಾಗಿದ ಹಣ್ಣಿನದೇನೂ ತಪ್ಪಿಲ್ಲ ಎಂದರೆ, "ಕಾಯಿಯ ಹೊಟ್ಟೆಯಿಂದಲ್ಲವೇನೋ ಹಣ್ಣು ಬರೋದು?" ಅನ್ನುತ್ತಾರೆ. ಈ ತರ್ಕಕ್ಕೆ ಸಿಎಫ್‌ಟಿಆರ್‌ಐ ಕೂಡ ತಲೆಬಾಗಬೇಕು. ಕೇಸರಿಯ ಹಾಲು ಮಾತ್ರ ದಿನವೂ ಬೇಕೇ ಬೇಕು, ಮಗು ಬೆಳ್ಳಗೆ ಹುಟ್ಟಬೇಕಲ್ಲ! ಅತ್ತೆಯ ಮೂರೂ ಮಕ್ಕಳು ಅವರ ಯಜಮಾನರಂತೆ ಎಣ್ಣೆಗೆಂಪು. ಕೇಸರಿ ಎಲ್ಲಿಗೆ ಹೋಯಿತು ಎಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇಲ್ಲ.

ಅತ್ತೆಯ ಪರಮವೈರಿ ಅಂದರೆ ಕಬ್ಬಿಣದ ಮಾತ್ರೆ. ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನ ಜೊತೆ ಕೊಟ್ಟುಹೋಗುವ ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೆಯ ತಿಂಗಳಿನಿಂದ ಕಡಿಮೆಯೆಂದರೂ 180 ದಿನ ನುಂಗಬೇಕು. ನುಂಗಿದವರಿಗೆ ಮಲ ಕಪ್ಪಗಾಗುತ್ತದೆ. ಅಷ್ಟು ಸಾಕಲ್ಲ ಸಾಕ್ಷಿ, ಮಗುವೂ ಕಪ್ಪು ಅಂತ ಅತ್ತೆಯ ತೀರ್ಪು. ಮಾತ್ರೆಯ ಉಷ್ಣ ಇಳಿಯಲಿ ಎಂದು ತಾವೇ ನಿಂಬೆಹಣ್ಣಿನ ಪಾನಕ ಮಾಡಿ ತರುತ್ತಾರೆ. ಹುಡುಗಿ ಜಾಣೆ, ಅದೇ ಪಾನಕದಲ್ಲಿ ಮಾತ್ರೆ ನುಂಗುತ್ತಾಳೆ. ನಿಂಬೆಯ ಹುಳಿ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ; ಫಿಲ್ಟರ್ ಕಾಫಿಯ ಜೊತೆ ನುಂಗಿದ್ದರೆ ಅರ್ಧ ದಂಡವಾಗುತ್ತಿತ್ತು. ಹೀಗೆ ವೈರಿಯ ಕೈ ಬಲಪಡಿಸಿದ್ದು ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಸಕ್ಕರೆಯ ಪರೀಕ್ಷೆ ಬಂದಾಗ ಮಾತ್ರ ಅತ್ತೆ ಸ್ವಲ್ಪ ಮಂಕಾಗುತ್ತಾರೆ. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆದರು. ಅಂಕಿ 140 ದಾಟಿತು. ಮೇಡಂ ಸಿಹಿ ನಿಲ್ಲಿಸಿ ಅಂದರು. ಮರುದಿನದ ಕ್ಯಾರಿಯರಿನಲ್ಲಿ ಮೈಸೂರ್ ಪಾಕು ಇರಲಿಲ್ಲ. ಅದರ ಜಾಗದಲ್ಲಿ ಸಜ್ಜಪ್ಪ ಇತ್ತು. "ಸಕ್ಕರೆ ಹಾಕಿಲ್ಲಮ್ಮ, ಬರೀ ಬೆಲ್ಲ!"

ಇಷ್ಟು ಓದಿ ಅತ್ತೆಯನ್ನು ಬೀದಿಯಿಂದಲೇ ಓಡಿಸಬೇಕು ಅನ್ನಿಸಿದ್ದರೆ ಒಂದು ಭಾನುವಾರ ಮಧ್ಯಾಹ್ನ ಆ ಮನೆಯ ನಡುಮನೆಯಲ್ಲಿ ಕೂತು ನೋಡಬೇಕು. ಹುಡುಗಿಯ ಸ್ವಂತ ಅತ್ತೆಯದು ಬೇರೆಯೇ ಸಿದ್ಧಾಂತ. "ಜಾಸ್ತಿ ತಿಂದರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ" ಅನ್ನುವುದು. ಈ ಸಿದ್ಧಾಂತಕ್ಕೆ ಒಂದು ಅನುಕೂಲ ಇದೆ, ಅಡುಗೆ ಉಳಿಯುತ್ತದೆ. ಮೊದಲು ಮಾವ, ಆಮೇಲೆ ಗಂಡ, ಮೈದುನ, ಬಂದ ನೆಂಟರು. ಹುಡುಗಿಯ ಸರದಿ ಬರುವ ಹೊತ್ತಿಗೆ ಗಂಟೆ ಎರಡೂವರೆ, ಪಲ್ಯದ ಪಾತ್ರೆಯಲ್ಲಿ ಕರಿಬೇವು. ಬೀದಿಯತ್ತೆ ಸರಿಯಾಗಿ ಹನ್ನೆರಡೂವರೆಗೆ ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಮಣೆ ಹಾಕಿಕೊಂಡು ಕೂರುತ್ತಾರೆ. ಗಂಡಸರು ದಾಟಿಕೊಂಡು ಹೋಗುವಂತಿಲ್ಲ. "ಮೊದಲು ಅವಳಿಗೆ ಬಡಿಸಿ" ಅನ್ನುತ್ತಾರೆ. ಯಜಮಾನಿ ಹುಳಿಯ ಮೇಲಿನ ತಿಳಿಯನ್ನೇ ತೇಲಿಸಿ ಸೌಟಿಗೆ ತುಂಬಿಕೊಂಡರೆ, ಕೂತಲ್ಲಿಂದಲೇ, "ಬೇಳೆ ತಳದಲ್ಲಿರುತ್ತೆ, ಸೌಟು ತಳಕ್ಕೆ ಹಾಕಿ." ಸೌಟು ತಳ ಮುಟ್ಟಿದ ಸದ್ದು ಕೇಳುವ ತನಕ ಬಿಡುವುದಿಲ್ಲ. ತಟ್ಟೆ ಖಾಲಿಯಾದ ಮೇಲೇ ಮಣೆಯಿಂದ ಏಳುವುದು. ಅತ್ತೆಯ ವಿಜ್ಞಾನಕ್ಕೆ ನಾನು ಸೊನ್ನೆ ಕೊಡುತ್ತೇನೆ, ಹಾಜರಿಗೆ ನೂರಕ್ಕೆ ನೂರು.

ಪಾತ್ರೆ ತೊಳೆಯಲು ಬರುವ ಹುಡುಗಿ ಬಸುರಿಯಾದಾಗ ಅತ್ತೆಯ ಮಡಿಗೇ ಪರೀಕ್ಷೆ ಬಂತು. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ, ಜೊತೆಗೆ ಮೊಟ್ಟೆ. ಮೊಟ್ಟೆ ಅನ್ನುವ ಪದವನ್ನು ಅತ್ತೆ ಬಾಯಲ್ಲಿ ಆಡುವುದಿಲ್ಲ. ಆದರೂ ಹನ್ನೆರಡು ಹೊಡೆದ ಕೂಡಲೇ ಅವಳ ಕೈಯಿಂದ ಪೊರಕೆ ಕಿತ್ತುಕೊಂಡು, "ಹೋಗು, ಅದು ಬಿಸಿ ಇರುವಾಗಲೇ ತಿಂದು ಬಾ. ಅಲ್ಲೇ ಕೂತು ತಿನ್ನು, ಮನೆಗೆ ಒಯ್ದರೆ ನಿನ್ನ ಗಂಡನ ಪಾಲಾಗುತ್ತೆ" ಅನ್ನುತ್ತಾರೆ. ವಾಪಸು ಬಂದವಳ ಬಾಯಿ ಮೂಸಿ ನೋಡಿ ಖಾತ್ರಿ ಮಾಡಿಕೊಂಡರು ಎಂಬ ಸುದ್ದಿಯೂ ಇದೆ; ಮಡಿಯವರಾದ್ದರಿಂದ ನಾನು ನಂಬಿಲ್ಲ.

ಹೆರಿಗೆಯಾದ ಮೇಲಾದರೂ ಆ ಮನೆಯ ಸೊಸೆಗೆ ಬಿಡುಗಡೆ ಉಂಟೇ? ತವರು ಕುವೆಂಪುನಗರದಲ್ಲಿದ್ದರೆ ಅಲ್ಲಿಗೂ ಸಿಟಿ ಬಸ್ಸು ಹೋಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಖರ್ಚೂ ಇಲ್ಲ. ಅತ್ತೆ ಬಂದರು, ಕ್ಯಾರಿಯರ್ ತೆರೆದರು. ಮೂರರಲ್ಲಿ ಎರಡು ಡಬ್ಬಿ ಮಾಯ. ಇದ್ದದ್ದು ಮೆಣಸಿನ ಸಾರು, ಅನ್ನ, ಸುಟ್ಟ ಬೆಳ್ಳುಳ್ಳಿ. ಬಾಳೆಹಣ್ಣು ಶೀತ, ಮೊಸರು ಶೀತ, ಸೊಪ್ಪು ವಾಯು, ಆಲೂಗಡ್ಡೆಯಂತೂ ಹೆಸರೆತ್ತಬೇಡಿ. ಹಾಲುಣಿಸುವ ತಾಯಿಗೆ ಬಸುರಿಗಿಂತಲೂ ಹೆಚ್ಚು ಊಟ, ಹೆಚ್ಚು ನೀರು ಬೇಕೆಂದು ಮೇಡಂ ಹೇಳಿದ್ದಾರೆ ಎಂದು ಹುಡುಗಿ ಗೋಗರೆದಳು. "ನೀವೇ ತಾನೇ ಅತ್ತೆ ಎರಡು ಜೀವ ಅಂತಿದ್ದಿರಿ?"

"ಒಂದು ಜೀವ ಈಗ ತೊಟ್ಟಿಲಲ್ಲಿದೆಯಲ್ಲಮ್ಮ!" ಎಂದು ಅತ್ತೆ ಅರ್ಧ ಲೋಟ ಬಿಸಿನೀರು ಅಳೆದು ಕೊಟ್ಟರು. ಅವರು ಕ್ಯಾರಿಯರ್ ತೊಳೆಯಲು ಬಚ್ಚಲಿಗೆ ಹೋದದ್ದೇ ತಡ, ಹುಡುಗಿಯ ತಾಯಿ ಒಂದು ಚೊಂಬು ನೀರು, ಎರಡು ಬಾಳೆಹಣ್ಣು ತಂದು ದಿಂಬಿನ ಹಿಂದೆ ಇಟ್ಟು, ಸಿಪ್ಪೆಯನ್ನು ಕಿಟಕಿಯಾಚೆ ಎಸೆಯಬೇಡ, ಬಸ್‌ಸ್ಟಾಪಿಗೆ ಅವರು ಅದೇ ದಾರಿಯಲ್ಲಿ ಹೋಗುತ್ತಾರೆ ಎಂದರು.